ಇವತ್ತಿನ ದರ ನೋಡಿ ನಾಟಿ ಮಾಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರಿನವು: ದರ ಇದ್ದಾಗ ಬೆಳೆ ಇರುವುದಿಲ್ಲ, ಬೆಳೆ ಇದ್ದಾಗ ದರ ಇರುವುದಿಲ್ಲ. ತೋಟಗಾರಿಕೆ ಇಲಾಖೆಯ ಕೆಲಸದಲ್ಲಿ ಕೋಲಾರ, ಚಿತ್ರದುರ್ಗ ಜಿಲ್ಲೆಗಳನ್ನು ಸುತ್ತಿ ನಿವೃತ್ತಳಾದ ನನಗೆ ಈ ಮಾತು ಹೊಸದಲ್ಲ. ತೆಂಗಿನ ನುಸಿ, ಎರೆಹುಳು ಗೊಬ್ಬರ ಕುರಿತು ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಈ ತಿಂಗಳು ಪೂರ್ತಿ ತರಕಾರಿಯ ಎಕರೆ ಲೆಕ್ಕ.

ಮೇಡಂ, ನಮ್ಮದು ಎರಡು ಎಕರೆ, ಒಂದು ಬೋರ್‌ವೆಲ್. ಜುಲೈ ಕೊನೆಯಲ್ಲಿ ಟೊಮೆಟೊ ಬಾಕ್ಸಿಗೆ ಒಳ್ಳೆಯ ದರ ಇತ್ತು. ಸಸಿ ಬುಕ್ ಮಾಡಿ ಸೆಪ್ಟೆಂಬರ್ ಮೊದಲ ವಾರ ನಾಟಿ ಮಾಡಿದೆ. ಬೆಳೆ ಚೆನ್ನಾಗಿಯೇ ಬಂತು, ಆದರೆ ಕೀಳುವ ಕೂಲಿಯೂ ಹುಟ್ಟಲಿಲ್ಲ. ಪಕ್ಕದ ಊರಿನವರು ಬೇಸಿಗೆ ಬೆಳೆಯಲ್ಲಿ ಮನೆ ಕಟ್ಟಿದರು. ನನ್ನ ಕೈಗೆ ಮಾತ್ರ ಯಾಕೆ ಹೀಗೆ?
*— ರೈತರೊಬ್ಬರು, ಮುಳಬಾಗಿಲು ತಾಲ್ಲೂಕು*

ನಿಮ್ಮ ಕೈ ಚೆನ್ನಾಗಿಯೇ ಇದೆ. ತಪ್ಪಿರುವುದು ತಿಂಗಳು.

ಬೀಜ ಟ್ರೇಗೆ ಬಿದ್ದು ಸಸಿ ನಾಟಿಗೆ ಬರಲು ಸುಮಾರು 25 ದಿನ ಬೇಕು. ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ 65ರಿಂದ 70 ದಿನ. ಅಲ್ಲಿಗೆ ಮೂರು ತಿಂಗಳಾಯಿತು. ಆಮೇಲೆ ಒಂದೂವರೆ, ಎರಡು ತಿಂಗಳು ಹಣ್ಣು ಕೀಳುತ್ತಲೇ ಇರಬೇಕು. ಜುಲೈ ಕೊನೆಯಲ್ಲಿ ನೀವು ಮಂಡಿಯಲ್ಲಿ ಕಂಡ ದರವನ್ನು ತೀರ್ಮಾನಿಸಿದ್ದು ಏಪ್ರಿಲ್, ಮೇ ತಿಂಗಳ ನಾಟಿ. ಆಗ ಎಷ್ಟು ಎಕರೆಗೆ ಸಸಿ ಇಳಿಯಿತು, ಅದರಲ್ಲಿ ಬಿಸಿಲು ಮತ್ತು ರೋಗ ಎಷ್ಟನ್ನು ಉಳಿಸಿದವು ಎಂಬುದಷ್ಟೇ ಆ ದರದಲ್ಲಿ ಇತ್ತು. ಸೆಪ್ಟೆಂಬರ್‌ನಲ್ಲಿ ನೆಟ್ಟ ನಿಮ್ಮ ಗಿಡ ಹಣ್ಣು ಕೊಟ್ಟದ್ದು ನವೆಂಬರ್ ನಡುವಿನಿಂದ ಜನವರಿಯವರೆಗೆ. ದೇಶದಲ್ಲಿ ಅತಿ ಹೆಚ್ಚು ಟೊಮೆಟೊ ಕೊಯ್ಲಾಗುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಚಳಿಗಾಲದಲ್ಲಿ ಎಲ್ಲ ರಾಜ್ಯದವರೂ ಟೊಮೆಟೊ ಬೆಳೆಯಬಲ್ಲರು, ಕೋಲಾರದ ಹಣ್ಣನ್ನು ದೂರದಿಂದ ತರಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ನಿಮ್ಮ ಪಕ್ಕದ ಊರಿನವರು ಬೇಸಿಗೆಯಲ್ಲಿ ಗೆದ್ದದ್ದು ಇದೇ ಕಾರಣಕ್ಕೆ. ಉತ್ತರದ ಬಯಲಿನಲ್ಲಿ ಮೇ, ಜೂನ್ ಬಿಸಿಲಿಗೆ ಟೊಮೆಟೊ ಹೂ ನಿಲ್ಲುವುದಿಲ್ಲ, ಜುಲೈಯಲ್ಲಿ ಮಳೆ. ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿರುವ ಕೋಲಾರ, ಪಕ್ಕದ ಆಂಧ್ರದ ಮದನಪಲ್ಲಿ, ಇಂಥ ಕೆಲವೇ ಕಡೆಗಳಲ್ಲಿ ಆಗ ಹಣ್ಣು ಇರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ನಾಟಿ ಈ ಕಾಲಕ್ಕೆ ಕೊಯ್ಲಿಗೆ ಬರುತ್ತದೆ. ಆದರೆ ಅದು ಪುಕ್ಕಟೆ ಲಾಭವಲ್ಲ. ಬಿಸಿಲೇರಿದಂತೆ ಬಿಳಿನೊಣ ಹೆಚ್ಚುತ್ತದೆ, ಬಿಳಿನೊಣದ ಹಿಂದೆಯೇ ಎಲೆ ಮುದುಡು ರೋಗ ಬರುತ್ತದೆ. ಬೋರ್‌ವೆಲ್ ಏಪ್ರಿಲ್‌ನಲ್ಲಿ ಕೈಕೊಟ್ಟರೆ ಗಿಡಕ್ಕೆ ಊರುವ ಕಡ್ಡಿ, ದಾರ, ನೆಲಕ್ಕೆ ಹೊದಿಸುವ ಮಲ್ಚಿಂಗ್ ಹಾಳೆಗೆ ಹಾಕಿದ ದುಡ್ಡು ಮಣ್ಣುಪಾಲು. ಬೇಸಿಗೆ ಎಕರೆ ಕಡಿಮೆ ಇರುವುದಕ್ಕೆ, ಅದರಿಂದಲೇ ದರ ಇರುವುದಕ್ಕೆ, ಈ ಅಪಾಯವೇ ಕಾರಣ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ತುಂಬಲು ಬಿಟ್ಟ ನೀರು, ಕೆರೆಯಿಂದ ನೇರ ಪಂಪ್ ಹಾಕಿ ತರಕಾರಿಗೆ ಹರಿಸಲು ಅಲ್ಲ. ನಿಮ್ಮ ಪತ್ರದಲ್ಲಿ ಕೆರೆಯ ಮಾತಿಲ್ಲ, ಬೇರೆಯವರೂ ಓದುತ್ತಾರೆಂದು ಬರೆದೆ.

2023 ನಿಮಗೆ ನೆನಪಿರಬೇಕು. ಆ ವರ್ಷ ಮೊದಲ ತಿಂಗಳುಗಳಲ್ಲಿ ದರ ಬಿದ್ದು ಎಷ್ಟೋ ಮಂದಿ ಟೊಮೆಟೊ ಬಿಟ್ಟರು. ಬೇಸಿಗೆಯಲ್ಲಿ ನೆಟ್ಟದ್ದಕ್ಕೆ ಎಲೆ ಮುದುಡು ರೋಗ ಬಡಿಯಿತು. ಉತ್ತರದಲ್ಲಿ ಹಿಮಾಚಲದ ಮಳೆ ಅಲ್ಲಿನ ಬೆಳೆಯನ್ನು ಕೆಡಿಸಿತು. ಜುಲೈಯಲ್ಲಿ ಕೋಲಾರದ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು, ಹೊಲಕ್ಕೆ ರಾತ್ರಿ ಕಾವಲು ಹಾಕಿದರು. ಜೂನ್ ಕೊನೆಗೆ ದರ ಏರುವುದನ್ನು ಕಂಡು ನೆಟ್ಟವರ ಹಣ್ಣು ಸೆಪ್ಟೆಂಬರ್‌ಗೆ ಒಟ್ಟಿಗೇ ಬಂತು. ಅದೇ ತಿಂಗಳು ರೈತರು ಹಣ್ಣನ್ನು ರಸ್ತೆಬದಿಗೆ ಸುರಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಎರಡು ತಿಂಗಳಲ್ಲಿ ತಿನ್ನುವವರ ಸಂಖ್ಯೆ ಬದಲಾಗಿರಲಿಲ್ಲ, ಎಕರೆ ಬದಲಾಗಿತ್ತು.

ಈಗ ಏನು ಮಾಡಬೇಕು ಎನ್ನುತ್ತೀರಿ. ಮಂಡಿಗೆ ಹೋಗುವುದನ್ನು ಬಿಟ್ಟು ನರ್ಸರಿಗೆ ಹೋಗಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಈಗ ಯಾರೂ ಮನೆಯಲ್ಲಿ ಸಸಿ ಮಡಿ ಹಾಕುವುದಿಲ್ಲ, ಎಲ್ಲ ಟ್ರೇ ಸಸಿಯೇ. ನಾಲ್ಕಡಿ ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂದರೆ ಎಕರೆಗೆ ಏಳು ಸಾವಿರಕ್ಕೂ ಹೆಚ್ಚು ಸಸಿ ಬೇಕು. ನಿಮ್ಮ ಸುತ್ತಲಿನ ಎರಡು ಮೂರು ನರ್ಸರಿಗಳಲ್ಲಿ ಮುಂದಿನ ಹದಿನೈದು ದಿನಕ್ಕೆ ಎಷ್ಟು ಟೊಮೆಟೊ ಸಸಿ ಬುಕ್ ಆಗಿದೆ ಎಂದು ಕೇಳಿ ಏಳು ಸಾವಿರದಿಂದ ಭಾಗಿಸಿ. ಮೂರು ತಿಂಗಳ ಮುಂದಿನ ಮಂಡಿ ಅಲ್ಲೇ ಕಾಣುತ್ತದೆ. ಸಸಿಗೆ ಸರದಿ ಕಾಯಬೇಕಾಗಿದ್ದರೆ ಬೇರೆ ಬೆಳೆ ಯೋಚಿಸಿ. ಟ್ರೇಗಳಲ್ಲಿ ಸಸಿ ಬಲಿತು ಹಳದಿಯಾಗಿ ಕೇಳುವವರಿಲ್ಲದೆ ಕೂತಿದ್ದರೆ ನಾಟಿಗೆ ಅದೇ ಒಳ್ಳೆಯ ಸಮಯ. ಆದರೆ ಆ ಬಲಿತ ಸಸಿಯನ್ನೇ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ, ಹೊಸದಾಗಿ ಹಾಕಿಸಿ. ನರ್ಸರಿಯವರು ಸುಳ್ಳು ಹೇಳಬಹುದೆಂಬ ಸಂಶಯವಿದ್ದರೆ ಕಡ್ಡಿ ಮಾರುವವರನ್ನು ಕೇಳಿ, ಅವರಿಗೆ ಸುಳ್ಳು ಹೇಳುವ ಕಾರಣವಿಲ್ಲ.

ಇನ್ನೊಂದು. ಎರಡು ಎಕರೆಯನ್ನು ಒಂದೇ ದಿನ ನಾಟಿ ಮಾಡಬೇಡಿ. ಅರ್ಧ ಎಕರೆಯಂತೆ, ಇಪ್ಪತ್ತು ದಿನಕ್ಕೊಮ್ಮೆ ನೆಡಿ. ಒಂದು ಕಂತಿಗೆ ದರ ಸಿಗದಿದ್ದರೂ ಇನ್ನೊಂದಕ್ಕೆ ಸಿಗಬಹುದು. ಹೊಸ ಕಂತನ್ನು ಹಳೆಯ ಗಿಡದ ಪಕ್ಕದಲ್ಲಿ ನೆಡಬೇಡಿ, ಅಲ್ಲಿನ ಬಿಳಿನೊಣ ಇಲ್ಲಿಗೆ ದಾಟಲು ಒಂದು ದಿನ ಸಾಕು. ನಡುವೆ ಎರಡು ಮೂರು ಸಾಲು ಮುಸುಕಿನ ಜೋಳ ಇರಲಿ. ರೋಗ ತಡೆಯುವ ತಳಿ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ದೂರಕ್ಕೆ ಹೋಗುವ ಹಣ್ಣಿಗೆ ಮಂಡಿಯವರು ಯಾವ ತಳಿ ಕೇಳುತ್ತಾರೆಂದು ಮೊದಲು ವಿಚಾರಿಸಿ.

ಈರುಳ್ಳಿ ಬಿತ್ತನೆ ಹೋದ ವರ್ಷಕ್ಕಿಂತ ಹೆಚ್ಚಾಗಿದೆ ಎಂದು ಜುಲೈಯಲ್ಲಿ ಪತ್ರಿಕೆಯಲ್ಲಿ ಓದುತ್ತೇನೆ. ಅಕ್ಟೋಬರ್‌ನಲ್ಲಿ ಅಂಗಡಿಗೆ ಹೋದರೆ ದರ ಏರಿರುತ್ತದೆ. ಬಿತ್ತಿದ ಈರುಳ್ಳಿ ಎಲ್ಲಿಗೆ ಹೋಗುತ್ತದೆ? ದಾಸ್ತಾನುದಾರರೇ ಕಾರಣವೇ?
*— ಗೃಹಿಣಿ, ರಾಜಾಜಿನಗರ, ಬೆಂಗಳೂರು*

ದಾಸ್ತಾನುದಾರರ ಮೇಲೆ ಹಾಕಿದರೆ ಎಲ್ಲರಿಗೂ ಸಮಾಧಾನ, ಆದ್ದರಿಂದ ಅವರ ಹೆಸರು ಬೇಗ ಬರುತ್ತದೆ. ಮುಂಗಾರು ಈರುಳ್ಳಿಯನ್ನು ಬಹಳ ದಿನ ದಾಸ್ತಾನು ಇಡಲು ಆಗುವುದಿಲ್ಲ. ಅದರಲ್ಲಿ ನೀರಿನಂಶ ಹೆಚ್ಚು, ಬೇಗ ಮೊಳಕೆಯೊಡೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಕೂಡಿಡಲು ಬರುವುದು ಮಾರ್ಚ್‌ನಿಂದ ಮೇವರೆಗೆ ಕೀಳುವ ಹಿಂಗಾರು ಗಡ್ಡೆ, ದೇಶದ ಈರುಳ್ಳಿಯಲ್ಲಿ ದೊಡ್ಡ ಪಾಲು ಅದೇ. ಆ ದಾಸ್ತಾನು ಸೆಪ್ಟೆಂಬರ್ ಹೊತ್ತಿಗೆ ತಳ ಕಾಣುತ್ತದೆ. ಆಗ ಇಡೀ ದೇಶ ಕಾಯುವುದು ನಮ್ಮ ಚಿತ್ರದುರ್ಗ, ಗದಗ, ಧಾರವಾಡ, ವಿಜಯಪುರ ಕಡೆಯ ಮುಂಗಾರು ಬೆಳೆಗೆ. ಮುಂಗಾರು ಈರುಳ್ಳಿಯಲ್ಲಿ ಕರ್ನಾಟಕವೇ ಮುಂದು.

ನೀವು ಜುಲೈಯಲ್ಲಿ ಓದಿದ ಸುದ್ದಿಯಲ್ಲಿ ಯಾವ ಎಕರೆ ಎಂದು ನೋಡಬೇಕು. 2024ರಲ್ಲಿ ಕೇಂದ್ರ ಸರ್ಕಾರ ಮುಂಗಾರು ಈರುಳ್ಳಿಗೆ 3.61 ಲಕ್ಷ ಹೆಕ್ಟೇರ್ ಗುರಿ ಎಂದು ಹೇಳಿತು, ಹಿಂದಿನ ವರ್ಷಕ್ಕಿಂತ ಶೇ 27 ಹೆಚ್ಚು. ಅದರಲ್ಲಿ ಕರ್ನಾಟಕದ ಪಾಲು 1.5 ಲಕ್ಷ ಹೆಕ್ಟೇರ್. ಜುಲೈ ಮೊದಲ ವಾರಕ್ಕೆ ನಮ್ಮಲ್ಲಿ ಬಿತ್ತನೆಯಾಗಿದ್ದದ್ದು ಅದರ ಶೇ 30 ಮಾತ್ರ. ಇನ್ನು ಕಿತ್ತು ಚೀಲ ತುಂಬಿದ ಎಕರೆ ಎಷ್ಟೆಂಬುದು ಅಕ್ಟೋಬರ್‌ವರೆಗೆ ಯಾರಿಗೂ ತಿಳಿಯುವುದಿಲ್ಲ. ಗುರಿ, ಬಿತ್ತನೆ, ಕೊಯ್ಲು, ಈ ಮೂರಕ್ಕೂ ಪತ್ರಿಕೆಯ ತಲೆಬರಹದಲ್ಲಿ ಒಂದೇ ಹೆಸರು: ಪ್ರದೇಶ.

ಬಿತ್ತನೆಗೂ ಕೊಯ್ಲಿಗೂ ನಡುವೆ ಎಕರೆ ಹೇಗೆ ಕರಗುತ್ತದೆ ಎಂಬುದನ್ನು ಚಳ್ಳಕೆರೆ ಕಡೆಯ ಹೊಲ ನೋಡಿದವರು ಮರೆಯುವುದಿಲ್ಲ. ಅಲ್ಲಿ ನೇರ ಬೀಜ ಬಿತ್ತುತ್ತಾರೆ, ಮಳೆ ನಂಬಿ. ಜೂನ್‌ನಲ್ಲಿ ಬಿತ್ತಿದ್ದು ಜುಲೈ ಒಣ ಹವೆಗೆ ಹುಟ್ಟದಿದ್ದರೆ ಅದೇ ಹೊಲಕ್ಕೆ ಮತ್ತೆ ಬೀಜ ಹಾಕುತ್ತಾರೆ. ಬೀಜದ ಅಂಗಡಿಯ ಮಾರಾಟ ನೋಡಿ ಲೆಕ್ಕ ಹಾಕುವವರಿಗೆ ಒಂದು ಎಕರೆ ಎರಡಾಗಿ ಕಾಣುತ್ತದೆ. ಹುಟ್ಟಿದ ಮೇಲೆ ಸುಳಿ ತಿರುಚುವ ರೋಗ. ಅದನ್ನೂ ದಾಟಿ ಗಡ್ಡೆ ಕಟ್ಟಿದರೆ ಹುಬ್ಬ, ಉತ್ತರೆ, ಹಸ್ತ ಮಳೆಗಳು ಬಿಡದೆ ಹಿಡಿದು ಗಡ್ಡೆ ಮಣ್ಣಿನಲ್ಲೇ ಕೊಳೆಯುತ್ತದೆ. 2019ರಲ್ಲಿ ಹಾಗೆಯೇ ಆಯಿತು. ಸೆಪ್ಟೆಂಬರ್ 29ರಂದು ರಫ್ತು ನಿಲ್ಲಿಸಿದರು, ಆದರೂ ಡಿಸೆಂಬರ್‌ನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತು. ಈಜಿಪ್ಟ್, ಟರ್ಕಿಯ ಈರುಳ್ಳಿ ಬಂತು, ನೀವೂ ಕೊಂಡಿರಬಹುದು, ಒಂದೊಂದೂ ಮಗುವಿನ ತಲೆಯಷ್ಟು. 2023ರಲ್ಲಿ ಇದರ ತಿರುವುಮುರುವು: ಆಗಸ್ಟ್ ಒಣಗಿ ಹೋಗಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು, ಮುಂಗಾರು ಈರುಳ್ಳಿ ತಡವಾಯಿತು, ಅಕ್ಟೋಬರ್ ಕೊನೆಗೆ ದರ ಏರಿತು.

ಬಿತ್ತಿದ ಎಕರೆ ಕರಗುವ ಇನ್ನೊಂದು ದಾರಿಯನ್ನು ಪಟ್ಟಣದವರು ನಂಬುವುದಿಲ್ಲ. ಬೆಳೆ ಹೊಲದಲ್ಲಿ ಚೆನ್ನಾಗಿ ನಿಂತಿರುತ್ತದೆ. ಕೀಳಿಸಿ, ದಂಟು ಕೊಯ್ಯಿಸಿ, ಚೀಲ ತುಂಬಿಸಿ, ಲಾರಿ ಬಾಡಿಗೆ ಕೊಟ್ಟು ಯಶವಂತಪುರಕ್ಕೆ ತಂದರೆ ಕೈಯಿಂದ ಹಣ ಹಾಕಬೇಕಾಗುತ್ತದೆ. ಆಗ ಕುರಿ ಬಿಡುತ್ತಾರೆ, ಇಲ್ಲವೇ ರೋಟವೇಟರ್ ಹೊಡೆಯುತ್ತಾರೆ. ನೀವು ಅಗ್ಗಕ್ಕೆ ಕೊಂಡ ವಾರದಲ್ಲಿ ಯಾವುದೋ ಹೊಲದಲ್ಲಿ ಇದು ನಡೆದಿರುತ್ತದೆ.

ನಿಮಗೆ ಉಪಯೋಗವಾಗುವ ಮಾತು: ಹೆಚ್ಚು ಕೊಂಡು ಇಡುವುದಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಹಿಂಗಾರು ಗಡ್ಡೆ ಕೊಳ್ಳಿ. ಕುತ್ತಿಗೆ ಚೆನ್ನಾಗಿ ಒಣಗಿ ಮುಚ್ಚಿಕೊಂಡಿರಬೇಕು. ಅಕ್ಟೋಬರ್‌ನಲ್ಲಿ ವಾರಕ್ಕೆ ಸಾಕಾಗುವಷ್ಟೇ ತನ್ನಿ.

ನಾನು ಊರಿನ ಬೆಳೆ ಸಮೀಕ್ಷೆ ಮಾಡುವ ಯುವಕ. ಒಂದು ಹೊಲದಲ್ಲಿ ಈರುಳ್ಳಿ, ಮೆಣಸಿನಕಾಯಿ, ಹತ್ತಿ ಮೂರೂ ಇವೆ. ಇನ್ನೊಂದರಲ್ಲಿ ನಾನು ಹೋದಾಗ ಕೊತ್ತಂಬರಿ ಇತ್ತು, ತಿಂಗಳ ನಂತರ ಮೂಲಂಗಿ. ಆ್ಯಪ್‌ನಲ್ಲಿ ಏನು ದಾಖಲಿಸಲಿ?
*— ಗದಗ ಜಿಲ್ಲೆ*

ಶಹಬ್ಬಾಸ್. ಅನೇಕರು ಹೊಲದ ಬದುವಿನ ಮೇಲೆ ನಿಂತು ಫೋಟೊ ತೆಗೆದು ಹೋಗುತ್ತಾರೆ, ನೀವು ಎರಡನೇ ಸಲ ತಿರುಗಿ ನೋಡಿದ್ದೀರಿ.

ಮೊದಲ ಹೊಲಕ್ಕೆ ಮಿಶ್ರ ಬೆಳೆ ಎಂದೇ ದಾಖಲಿಸಿ, ಮೂರೂ ಬೆಳೆಗಳ ಹೆಸರು ಹಾಕಿ, ಸಾಲುಗಳ ಲೆಕ್ಕದ ಮೇಲೆ ವಿಸ್ತೀರ್ಣ ಹಂಚಿ. ನಾಲ್ಕು ಎಕರೆ ಹೊಲದಲ್ಲಿ ಈರುಳ್ಳಿ ನಾಲ್ಕು ಎಕರೆ, ಮೆಣಸಿನಕಾಯಿ ನಾಲ್ಕು ಎಕರೆ ಎಂದು ಬರೆದರೆ ಭೂಮಿ ಹಿಗ್ಗುತ್ತದೆ. ಈರುಳ್ಳಿ ಒಂದೇ ಬರೆದು ಬಿಟ್ಟರೆ ಡಿಸೆಂಬರ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿ ಯಾವ ಹೊಲದ್ದೆಂದು ಹೇಳಲು ದಾಖಲೆ ಇರುವುದಿಲ್ಲ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಖರೀದಿ ಎಲ್ಲಕ್ಕೂ ಈ ದಾಖಲೆಯೇ ಆಧಾರ. ಈರುಳ್ಳಿಗೆ ವಿಮೆ ಕಂತು ಕಟ್ಟಿದ ರೈತನ ಪಹಣಿಯಲ್ಲಿ ಹತ್ತಿ ಕೂತಿದ್ದರೆ ಅವನು ಕಟ್ಟಿದ ಶೇ 5 ಕಂತು ನೀರಿಗೆ ಹೋದಂತೆ. ತಪ್ಪಾಗಿದೆ ಎನ್ನುವವರಿಗೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕಲು ಹೇಳಿಕೊಡಿ, ಗಡುವು ಮುಗಿಯುವ ಮುಂಚೆ.

ಎರಡನೇ ಹೊಲ ಕಷ್ಟದ್ದು. ಕೊತ್ತಂಬರಿ ನಲವತ್ತು ದಿನದ ಬೆಳೆ, ಮೂಲಂಗಿಯೂ ಹತ್ತಿರ ಹತ್ತಿರ ಅಷ್ಟೇ. ನೀರು ಇರುವವನು ಒಂದೇ ಹಂಗಾಮಿನಲ್ಲಿ ಅದೇ ಇಪ್ಪತ್ತು ಗುಂಟೆಯಿಂದ ಎರಡು ಮೂರು ಸಲ ಕೊಯ್ಯುತ್ತಾನೆ. ಭೂಮಿ ಇಪ್ಪತ್ತು ಗುಂಟೆ, ಕೊಯ್ಲು ಒಂದರಿಂದ ಒಂದೂವರೆ ಎಕರೆ. ಸಮೀಕ್ಷೆ ಹಂಗಾಮಿಗೆ ಒಮ್ಮೆ ನಡೆಯುವುದರಿಂದ ಸೊಪ್ಪು, ಮೂಲಂಗಿಯ ಎಕರೆ ಯಾವಾಗಲೂ ಕಾಗದದ ಮೇಲೆ ಕಡಿಮೆಯೇ. ನೀವು ಹೋದ ದಿನ ಕಂಡ ಬೆಳೆಯನ್ನು ದಾಖಲಿಸಿ. ತಿಂಗಳ ನಂತರ ಕಂಡದ್ದನ್ನು ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಸರ್ವೆ ನಂಬರ್ ಸಮೇತ ಬರೆದಿಡಿ, ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಒಂದು ಪ್ರತಿ ಕೊಡಿ. ಅವರು ಓದದಿದ್ದರೂ ಕೊಡಿ.

ನಾವು ಚಿಕ್ಕವರಿದ್ದಾಗ ಹಾಸನದ ಸುತ್ತ ಮಳೆಗಾಲದಲ್ಲಿ ಕಣ್ಣು ಹಾಯಿಸಿದ ಕಡೆ ಆಲೂಗೆಡ್ಡೆ. ಈಗ ಜೋಳ, ಶುಂಠಿ. ಆಲೂಗೆಡ್ಡೆಗೆ ಏನಾಯಿತು?
*— ನಿವೃತ್ತ ಶಿಕ್ಷಕರು, ಹಾಸನ*

ಅಂಗಮಾರಿ ರೋಗ, ಗುರುಗಳೇ. ಹಾಸನದ ಬೆಳೆ ಮುಂಗಾರಿನದು: ಏಪ್ರಿಲ್ ಕೊನೆಯ ಮಳೆಗೆ ಭೂಮಿ ಹದವಾದರೆ ಮೇ, ಜೂನ್‌ನಲ್ಲಿ ನಾಟಿ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೀಳುವುದು. ಮೋಡ, ತಂಪು, ಜಿಟಿಜಿಟಿ ಮಳೆ ಮೂರೂ ಸೇರಿದ ಜುಲೈ ಆ ರೋಗಕ್ಕೆ ಹಬ್ಬ. ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತೆ ಕಪ್ಪಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರು ಹಿಂಗಾರಿನಲ್ಲಿ ನೆಟ್ಟು ಬೇಸಿಗೆಯ ಬಾಗಿಲಲ್ಲಿ ಕೀಳುವುದರಿಂದ ಅವರಿಗೆ ಈ ಕಾಟ ಕಡಿಮೆ.

ಬೀಜದ ಖರ್ಚೂ ಸೇರಿಸಿ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರಬೇಕು, ಎಕರೆಗೆ ಏಳೆಂಟು ಕ್ವಿಂಟಾಲ್. ಚೀಲದಲ್ಲಿ ಬಂದದ್ದು ಬಿತ್ತನೆಯದೋ ತಿನ್ನುವ ಗೆಡ್ಡೆಯೋ ಎಂಬ ಜಗಳ ವರ್ಷವೂ ಇದ್ದದ್ದೇ. ಕುಫ್ರಿ ಜ್ಯೋತಿ 1968ರಲ್ಲಿ ಬಂದಾಗ ಅಂಗಮಾರಿ ತಡೆಯುವ ತಳಿ. ರೋಗ ಅದನ್ನು ಮೀರಿ ಬಹಳ ಕಾಲವಾಯಿತು, ಜನ ಮಾತ್ರ ಅದನ್ನು ಬಿಡಲಿಲ್ಲ. ಇಷ್ಟು ಹಣ ಹಾಕಿ ಜುಲೈಯಲ್ಲಿ ಕಳೆದುಕೊಳ್ಳುವ ಬದಲು ಮುಸುಕಿನ ಜೋಳ ಹಾಕಿ ನಿದ್ದೆ ಮಾಡಬಹುದೆಂದು ಮಂದಿ ತೀರ್ಮಾನಿಸಿದರು. ಅವರನ್ನು ನಾನು ದೂರುವುದಿಲ್ಲ. ಶುಂಠಿಗೆ ಹೋದವರ ಕಥೆ ಬೇರೆ, ಕೊಳೆ ರೋಗ ಅಲ್ಲಿಯೂ ಕಾದಿತ್ತು.

ಅಂಗಾಂಶ ಕೃಷಿ ಗಿಡದ ಕುಡಿಯಿಂದ ಸಸಿ ಬೆಳೆಸಿ, ಅದನ್ನೇ ನೆಟ್ಟು ಬಿತ್ತನೆ ಗೆಡ್ಡೆಯನ್ನು ಇಲ್ಲೇ ಮಾಡಿಕೊಳ್ಳುವ ಕೆಲಸ ನಿಮ್ಮ ಜಿಲ್ಲೆಯಲ್ಲೇ ನಡೆದಿದೆ, ಕುಫ್ರಿ ಹಿಮಾಲಿನಿಯಂಥ ತಳಿಗಳೂ ಇವೆ. ನೀವು ಕಂಡಷ್ಟು ಎಕರೆ ಮತ್ತೆ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅವರೆಕಾಯಿ ಜನವರಿಗೇ ಯಾಕೆ? ಏಪ್ರಿಲ್‌ನಲ್ಲಿ ಬೆಳೆದರೆ ಒಳ್ಳೆಯ ದರ ಸಿಗುವುದಿಲ್ಲವೇ?
*— ಮಾಗಡಿ*

ನಾಟಿ ತಳಿಯ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಫೆಬ್ರುವರಿಯಲ್ಲಿ ಬಿತ್ತಿದರೆ ಬಳ್ಳಿ ಸೊಂಪಾಗಿ ಬೆಳೆಯುತ್ತದೆ, ಹಸುವಿಗೆ ಮೇವಾಗುತ್ತದೆ. ಹಗಲಿನ ಹಂಗಿಲ್ಲದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ-3, ಅವರೆ-4, ಅರ್ಕಾ ಜಯ್, ಅರ್ಕಾ ವಿಜಯ್ ಇವೆ. ದರ ಸಿಗುತ್ತದೆ. ಸೊಗಡು ಸಿಗುವುದಿಲ್ಲ, ಅದಕ್ಕೆ ಡಿಸೆಂಬರ್ ಮಂಜೇ ಬೀಳಬೇಕು.

ನಾವು ಸ್ಯಾನ್ ಹೋಸೆಯಲ್ಲಿದ್ದೇವೆ. ಸಲೀನಸ್ ಕಣಿವೆಯ ಲೆಟಿಸ್ ಹೊಲಗಳ ಪಕ್ಕದ ರಸ್ತೆಯಲ್ಲಿ ಆಗಾಗ ಹೋಗುತ್ತೇವೆ. ಚಳಿಗಾಲದಲ್ಲಿ ಹೊಲ ಬರಿದು, ಅಂಗಡಿಯಲ್ಲಿ ಸೊಪ್ಪು ಮಾತ್ರ ತುಂಬಿರುತ್ತದೆ. ನಮ್ಮ ಶಿಡ್ಲಘಟ್ಟದಲ್ಲಿ ಹೀಗೆ ಮಾಡಲಾಗದೇ?
*— ಕ್ಯಾಲಿಫೋರ್ನಿಯಾ*

ನೀವು ಕಂಡ ಹೊಲ ಚಳಿಗಾಲಕ್ಕೆ ಅರಿಜೋನಾದ ಯೂಮಾಗೆ ಹೋಗಿರುತ್ತದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸಲೀನಸ್, ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಲೊರಾಡೊ ನದಿ ನೀರಿನ ಯೂಮಾ ಮರುಭೂಮಿ. ಅದೇ ಕಂಪನಿಗಳು, ಅದೇ ಕೊಯ್ಲು ಯಂತ್ರಗಳು, ಬಹುಪಾಲು ಅದೇ ಕೆಲಸಗಾರರು. ಕೊಳ್ಳುವ ಅಂಗಡಿಯವರೊಂದಿಗೆ ಮೊದಲೇ ಕರಾರು ಇರುವುದರಿಂದ ಎಷ್ಟು ಎಕರೆ ಯಾವ ವಾರ ಬಿತ್ತಬೇಕೆಂದು ಬಿತ್ತನೆಗೆ ಮುಂಚೆಯೇ ಬರೆದಿರುತ್ತಾರೆ. ಸ್ಥಳ ಬದಲಾಗುವ ನವೆಂಬರ್‌ನಲ್ಲಿ ಒಂದು ಕಡೆ ಶಾಖ, ಇನ್ನೊಂದು ಕಡೆ ಮಳೆ ಬಂದರೆ ಅಲ್ಲಿಯೂ ದರ ನೆಗೆಯುತ್ತದೆ. ಅಮೆರಿಕದ ಕೃಷಿ ಇಲಾಖೆ ನಾಟಿ ವಿಸ್ತೀರ್ಣ, ಕೊಯ್ಲು ವಿಸ್ತೀರ್ಣ ಎರಡನ್ನೂ ಬೇರೆ ಬೇರೆ ಪ್ರಕಟಿಸುತ್ತದೆ. ಆ ಎರಡನೇ ಅಂಕಣವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಶಿಡ್ಲಘಟ್ಟದಲ್ಲಿ ಆಗುವುದಿಲ್ಲ. ಒಂದೂವರೆ ಎಕರೆಯವನು ಹೊಲ ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾನೆ?

ಯಾವ ತರಕಾರಿ ಹಾಕಿದರೆ ಖಂಡಿತ ಲಾಭ?
*— ಹೆಸರು, ಊರು ಇಲ್ಲ*

ಗೊತ್ತಿದ್ದರೆ ನಾನು ಅಂಕಣ ಬರೆಯುತ್ತಿರಲಿಲ್ಲ.

ಆಯುಧಪೂಜೆಗೆ ಬೂದುಗುಂಬಳ ಹಾಕುವ ಯೋಚನೆ. ಒಂದು ಎಕರೆ ಇದೆ. ಯಾವಾಗ ಬಿತ್ತಲಿ?
*— ರೈತ ಮಹಿಳೆ, ಕನಕಪುರ ತಾಲ್ಲೂಕು*

ಮೊದಲು ಪಂಚಾಂಗ ನೋಡಿ ತಂಗಿ, ಮಳೆ ಆಮೇಲೆ. ಹಬ್ಬ ಒಂದು ವರ್ಷ ಸೆಪ್ಟೆಂಬರ್ ಕೊನೆಗೂ ಬರಬಹುದು, ಇನ್ನೊಂದು ವರ್ಷ ಅಕ್ಟೋಬರ್ ನಾಲ್ಕನೇ ವಾರಕ್ಕೂ ಹೋಗಬಹುದು. ಹೋದ ವರ್ಷ ಬಿತ್ತಿದ ದಿನವನ್ನೇ ಹಿಡಿದರೆ ಹತ್ತು ಇಪ್ಪತ್ತು ದಿನ ಹಿಂದೆಮುಂದೆ ಆಗುತ್ತದೆ. ಬಿತ್ತನೆಯಿಂದ ಕಾಯಿ ಬಲಿತು ಮೈಮೇಲೆ ಬೂದಿ ಕೂರಲು ಸುಮಾರು ನಾಲ್ಕು ತಿಂಗಳು. ಹಬ್ಬದ ದಿನದಿಂದ ಅಷ್ಟು ಹಿಂದಕ್ಕೆ ಎಣಿಸಿ, ಇನ್ನೊಂದು ವಾರ ಮುಂಚೆಯೇ ಬೀಜ ಹಾಕಿ. ಬಲಿತ ಬೂದುಗುಂಬಳ ನೆರಳಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಆದ್ದರಿಂದ ಬೇಗ ಬಂದರೆ ನಷ್ಟವಿಲ್ಲ, ತಡವಾದರೆ ಇದೆ.

ಇಡೀ ಎಕರೆಗೆ ಹಾಕಬೇಡಿ. ಅರ್ಧಕ್ಕೆ ಹಾಕಿ, ಉಳಿದದ್ದಕ್ಕೆ ಹುರುಳಿಕಾಯಿಯೋ ಬೆಂಡೆಯೋ ಇರಲಿ. ಕಾಯಿಯನ್ನು ಬಳ್ಳಿಯ ತೊಟ್ಟು ಸಮೇತ ಕೊಯ್ಯಿರಿ, ತೊಟ್ಟಿಲ್ಲದ ಕಾಯಿಯನ್ನು ಪೂಜೆಗೆ ಯಾರೂ ಕೊಳ್ಳುವುದಿಲ್ಲ. ಬೆಂಗಳೂರಿಗೆ ಕಳಿಸುವುದಾದರೆ ಹಬ್ಬಕ್ಕೆ ನಾಲ್ಕೈದು ದಿನ ಮುಂಚೆಯೇ ಸಗಟು ವ್ಯಾಪಾರಿಗೆ ಮಾತು ಮುಗಿಸಿ ಗಾಡಿ ಕಳಿಸಿಬಿಡಿ. ಹಿಂದಿನ ರಾತ್ರಿ ದರ ಇನ್ನೂ ಏರುತ್ತದೆಂದು ಮಾರುಕಟ್ಟೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂರಬೇಡಿ. ಆಯುಧಪೂಜೆಯ ಸಂಜೆ ಆ ಕಾಯಿಗೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ.